ಹಟ್ಟಿಗೆ ಫಾಗರ್ ಕಿಟ್: ಕರಾವಳಿಯ ಸೆಕೆಯಲ್ಲಿ ಎಷ್ಟು ಪ್ರಯೋಜನ?

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹನಿ ನೀರಾವರಿ ಅಂಗಡಿಗಳಲ್ಲಿ ಬೇಸಿಗೆಗೆಂದು ಸಿಗುವ, ನೀರನ್ನು ಮಂಜಿನಂತೆ ಚಿಮುಕಿಸಿ ಹಟ್ಟಿಯನ್ನು ತಣಿಸುವ ಫಾಗರ್ ಕಿಟ್ ಎಂದರೆ ಇಷ್ಟು: 16 ಮಿಲಿಮೀಟರ್ ಕಪ್ಪು ಪೈಪು ಸುಮಾರು 20 ಮೀಟರ್, ನಾಲ್ಕು ಮೂತಿಯ ಫಾಗರ್ ಹತ್ತು, ಪ್ರತಿ ಫಾಗರಿನ ಮೇಲೆ ತೊಟ್ಟಿಕ್ಕದಂತೆ ತಡೆಯುವ ಸಣ್ಣ ವಾಲ್ವ್, ಒಂದು ಜಾಲರಿ ಫಿಲ್ಟರ್, ಜೋಡಣೆಯ ತುಂಡುಗಳು, ಕೊನೆಗೆ ಮುಚ್ಚಳ. ಪಂಪು ಬೇರೆಯೇ ಕೊಳ್ಳಬೇಕು. ಕಿಟ್ಟಿಗಿಂತ ಪಂಪಿಗೇ ಹೆಚ್ಚು ಹಣ ಹೋಗುತ್ತದೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದಿರಬೇಕು. ಬೇರೆ ಬೇರೆ ಹೆಸರಿನಲ್ಲಿ ಬಂದರೂ ಒಳಗಿನ ಸಾಮಾನು ಬಹುತೇಕ ಒಂದೇ. ಹಾಗಾಗಿ ಇಲ್ಲಿ ಹೇಳುತ್ತಿರುವುದು ಒಂದು ಕಂಪೆನಿಯ ಬಗ್ಗೆ ಅಲ್ಲ, ಈ ಬಗೆಯ ಕಿಟ್ಟಿನ ಬಗ್ಗೆ.

ಮೊದಲೇ ಹೇಳಿಬಿಡುತ್ತೇವೆ. ಫೆಬ್ರವರಿ, ಮಾರ್ಚ್‌ನ ಒಣ ಗಾಳಿಯ ಹಗಲಿಗೆ ಈ ಕಿಟ್ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಬೆವರು ಸುರಿಯುವ ಸೆಕೆಗೆ ಇದು ಸಾಲದು. ಕೆಲವೊಮ್ಮೆ ದನಕ್ಕೆ ಕಷ್ಟ ಹೆಚ್ಚಿಸುತ್ತದೆ. ಆದರೆ ಅದೇ ಪಂಪು, ಅದೇ ಪೈಪಿನಲ್ಲಿ ಮೂತಿ ಮಾತ್ರ ಬದಲಿಸಿ, ಜೊತೆಗೊಂದು ಫ್ಯಾನ್ ಹಾಕಿದರೆ ಇಡೀ ಬೇಸಿಗೆಗೆ ಕೆಲಸ ಮಾಡುವ ವ್ಯವಸ್ಥೆ ಆಗುತ್ತದೆ.

ಕಾರಣ ಗಾಳಿಯ ತೇವಾಂಶ. ಫಾಗರಿನಿಂದ ಬರುವ ಹನಿ ಮಂಜಿನಷ್ಟು ಸಣ್ಣದು. ಅದು ಗಾಳಿಯಲ್ಲೇ ಆವಿಯಾಗಬೇಕು, ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಬೇಕು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಹನಿ ಆವಿಯಾಗುವುದಿಲ್ಲ. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿ, ಶೇ. 20 ತೇವಾಂಶ ಇದ್ದಾಗ ನೀರು ಚಿಮುಕಿಸಿ ಗಾಳಿಯನ್ನು ತಣಿಸಬಹುದಾದ ಕೊನೆಯ ಮಿತಿ ಸುಮಾರು 23 ಡಿಗ್ರಿ. ಮಂಗಳೂರಿನಲ್ಲಿ 34 ಡಿಗ್ರಿ, ಶೇ. 65 ತೇವಾಂಶ ಇದ್ದರೆ ಆ ಮಿತಿ ಸುಮಾರು 28. ಅಷ್ಟು ದೂರಕ್ಕೆ ಯಾವ ಫಾಗರೂ ಮುಟ್ಟಿಸುವುದಿಲ್ಲ. ಅರ್ಧ ದಾರಿಗೆ ಬಂದರೆ ದೊಡ್ಡದು. ಅಲ್ಲಿ ಎಂಟು ಡಿಗ್ರಿ ಇಳಿಸುವ ಕಿಟ್ ಇಲ್ಲಿ ಎರಡು ಮೂರು ಡಿಗ್ರಿ ಇಳಿಸಿ, ಜೊತೆಗೆ ಹಟ್ಟಿಯ ತೇವಾಂಶವನ್ನು ಏರಿಸಿಬಿಡುತ್ತದೆ. ಬಯಲುಸೀಮೆಯ ಡೈರಿಯ ವಿಡಿಯೋ ನೋಡಿ ಇಲ್ಲಿ ಕಿಟ್ ಕೊಳ್ಳುವವರು ಎಡವುವುದು ಇಲ್ಲೇ.

ದನದ ಸಂಕಟ ಅಳೆಯಲು ಪಶುವೈದ್ಯರು ಬಳಸುವ ತಾಪ-ತೇವಾಂಶ ಸೂಚ್ಯಂಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಹೆಚ್ಚು ಹಾಲು ಕೊಡುವ ದನಕ್ಕೆ ಸೂಚ್ಯಂಕ 72 ದಾಟಿದರೆ ತೊಂದರೆ ಶುರು. ಮೇಲೆ ಹೇಳಿದ ಕಲಬುರಗಿಯ ಹಗಲಿಗೆ ಅದು 83ರ ಮೇಲೆ, ಮಂಗಳೂರಿನ ಹಗಲಿಗೆ 86ರ ಮೇಲೆ. ಥರ್ಮಾಮೀಟರಿನಲ್ಲಿ ಆರು ಡಿಗ್ರಿ ಕಡಿಮೆ ಇದ್ದರೂ ನಮ್ಮ ಹಟ್ಟಿಯ ಜರ್ಸಿ, ಎಚ್‌ಎಫ್ ಮಿಶ್ರತಳಿಗೆ ಪಾಡು ಹೆಚ್ಚು. ಹವಾಮಾನ ಇಲಾಖೆ ಕರಾವಳಿಯಲ್ಲಿ ಬಿಸಿಗಾಳಿ ಎಂದು ಹೇಳಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 37 ಡಿಗ್ರಿ ಇರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಆ ಎಚ್ಚರಿಕೆ ಬರಲಿ ಎಂದು ಕಾಯಬೇಡಿ. ಎಚ್ಚರಿಕೆಯೇ ಇಲ್ಲದ ಮೇ ತಿಂಗಳ ದಿನಗಳಲ್ಲೂ ದನ ನಾಲಿಗೆ ಹೊರಹಾಕಿ ನಿಂತಿರುತ್ತದೆ.

ಹಾಗಾದರೆ ಕಿಟ್ ಯಾವಾಗ ಒಳ್ಳೆಯದು? ನಮ್ಮಲ್ಲಿ ಬಿಸಿಗಾಳಿ ಹೆಚ್ಚಾಗಿ ಬರುವುದು ಘಟ್ಟದ ಕಡೆಯಿಂದ ಒಣ ಗಾಳಿ ಬೀಸಿ, ಕಡಲ ಗಾಳಿ ತಡವಾದಾಗ. ಫೆಬ್ರವರಿ ಕೊನೆ, ಮಾರ್ಚ್ ಮೊದಲ ಭಾಗದಲ್ಲಿ ಇಂಥ ದಿನಗಳಿರುತ್ತವೆ. ಬೆಳಗ್ಗೆ ಹತ್ತರಿಂದ ಕಡಲ ಗಾಳಿ ಹೊರಡುವ ತನಕ ತೇವಾಂಶ ಶೇ. 40ರ ಆಸುಪಾಸಿಗೆ ಇಳಿಯುವುದುಂಟು. ಆ ಎರಡು ಮೂರು ಗಂಟೆ ಫಾಗರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳ್ತಂಗಡಿ, ಸುಳ್ಯ, ಹೆಬ್ರಿಯ ಒಳನಾಡಿನಲ್ಲಿ ಈ ಹೊತ್ತು ಇನ್ನಷ್ಟು ಉದ್ದ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡಲ ಬದಿಯಲ್ಲಿ ತೀರಾ ಕಡಿಮೆ.

ಅಂದಾಜು ಸಾಲದು. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರೊಂದನ್ನು ದನದ ಬೆನ್ನಿನ ಎತ್ತರದಲ್ಲಿ, ಹನಿ ನೇರ ಬೀಳದ ಕಂಬಕ್ಕೆ ಕಟ್ಟಿ. ತೇವಾಂಶ ಶೇ. 50ಕ್ಕಿಂತ ಕಡಿಮೆ ಇದ್ದರೆ ಫಾಗರ್ ಹಾಕಿ. 60 ದಾಟಿದರೆ ನಿಲ್ಲಿಸಿ. ನಡುವೆ ಇದ್ದರೆ ಹತ್ತು ನಿಮಿಷ ಓಡಿಸಿ ನೋಡಿ: ಉಷ್ಣಾಂಶ ಎರಡು ಡಿಗ್ರಿಯೂ ಇಳಿಯದೆ ಕಂಬ, ಸರಪಳಿ, ನೆಲ ಒದ್ದೆಯಾಗಿದ್ದರೆ ಹನಿ ಆವಿಯಾಗುತ್ತಿಲ್ಲ ಎಂದರ್ಥ.

ಆವಿಯಾಗದ ಮಂಜು ಮೂರು ಕಡೆ ಕೆಡಿಸುತ್ತದೆ. ದನದ ರೋಮದ ತುದಿಯಲ್ಲಿ ಹನಿಯಾಗಿ ಕೂತು, ಚರ್ಮಕ್ಕೆ ಇಳಿಯದೆ, ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಹಾಸಿದ ಸೊಪ್ಪು, ಬೈಹುಲ್ಲು ಒದ್ದೆಯಾಗಿ ಕೆಚ್ಚಲು ಬಾವು ಬರಲು ದಾರಿಯಾಗುತ್ತದೆ. ಸಿಮೆಂಟ್ ನೆಲ ಜಾರುತ್ತದೆ. ತುಂಬು ಗಬ್ಬದ ದನ ಜಾರಿ ಬಿದ್ದರೆ ಆಗುವ ನಷ್ಟದ ಮುಂದೆ ಕಿಟ್ಟಿನ ಬೆಲೆ ಲೆಕ್ಕಕ್ಕೇ ಬಾರದು.

ಇನ್ನು ಜೋಡಣೆ. ಅತಿ ಹೆಚ್ಚು ದೂರು ಕೇಳಿಬರುವುದು "ಮಂಜೇ ಬರುವುದಿಲ್ಲ" ಎಂದು. ಫಾಗರಿಗೆ 4 ಬಾರ್ ಒತ್ತಡ ಬೇಕು. ಆ ಒತ್ತಡದಲ್ಲಿ ಒಂದು ಫಾಗರ್ ಗಂಟೆಗೆ 30 ಲೀಟರ್ ಆಸುಪಾಸು ನೀರು ಬಿಡುತ್ತದೆ. ನೀರಿನ ಟ್ಯಾಂಕ್ ಹತ್ತು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 1 ಬಾರ್. ಮನೆಯ ತಾರಸಿಯ ಟ್ಯಾಂಕಿನಿಂದ ಅರ್ಧ ಬಾರ್ ಸಿಕ್ಕರೆ ಹೆಚ್ಚು. ತೊಟ್ಟಿಕ್ಕದಂತೆ ತಡೆಯುವ ವಾಲ್ವ್ ಆ ಒತ್ತಡಕ್ಕೆ ತೆರೆಯುವುದೇ ಇಲ್ಲ. ವಾಲ್ವ್ ಕಿತ್ತು ಹಾಕಿದರೆ ಮಂಜಿನ ಬದಲು ಹನಿ ಸುರಿಯುತ್ತದೆ. ಆದ್ದರಿಂದ ಪಂಪು ಬೇಕೇ ಬೇಕು. ಅರ್ಧ ಎಚ್‌ಪಿ ಸಾಕು, ಆದರೆ ಎಚ್‌ಪಿ ನೋಡಿ ಕೊಳ್ಳಬೇಡಿ, ಪಂಪಿನ ಮೇಲಿನ ಫಲಕದಲ್ಲಿ ಗರಿಷ್ಠ ಹೆಡ್ (ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಎಂಬ ಅಳತೆ) ಎಷ್ಟು ಎಂದು ನೋಡಿ. 40 ಮೀಟರಿಗಿಂತ ಮೇಲಿರಬೇಕು. ಟ್ಯಾಂಕಿಗೆ ನೀರೇರಿಸುವ ಎಷ್ಟೋ ಸಾಮಾನ್ಯ ಪಂಪುಗಳಲ್ಲಿ ಅಷ್ಟು ಇರುವುದಿಲ್ಲ.

ಹತ್ತು ಫಾಗರ್ ಸೇರಿ ಗಂಟೆಗೆ 300 ಲೀಟರ್ ಮಾತ್ರ. ಪಂಪು ಎಳೆಯುವುದು ಅದರ ಹಲವು ಪಟ್ಟು. ಉಳಿದ ನೀರಿಗೆ ದಾರಿ ಇಲ್ಲದಿದ್ದರೆ ಪಂಪು ಬಿಸಿಯಾಗುತ್ತದೆ, ಪೈಪಿನ ಜೋಡಣೆಗಳು ಕಳಚಿ ಹಾರುತ್ತವೆ. ಪಂಪಿನ ಹತ್ತಿರವೇ ಒಂದು ಟೀ (ಮೂರು ಬಾಯಿಯ ಜೋಡಣೆ ತುಂಡು) ಹಾಕಿ, ಗೇಟ್ ವಾಲ್ವ್ ಮೂಲಕ ಹೆಚ್ಚಿನ ನೀರು ಟ್ಯಾಂಕಿಗೇ ಮರಳುವಂತೆ ಮಾಡಬೇಕು. ಹತ್ತು ಫಾಗರೂ ಒಂದೇ ಸಮ ಮಂಜು ಬಿಡುವ ತನಕ ಆ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿ. ಹೆಚ್ಚಿನ ಕಿಟ್ಟುಗಳ ಚೀಟಿಯಲ್ಲಿ ಈ ಮಾತೇ ಇಲ್ಲ. ಇದು ದೊಡ್ಡ ಕೊರತೆ.

ಪೈಪನ್ನು ಮಾಡಿನ ಒಳಗೆ, ನೆರಳಿನಲ್ಲೇ ಎಳೆಯಿರಿ. ಶೀಟಿನ ಮೇಲೆ ಬಿಸಿಲಿಗೆ ಬಿದ್ದ ಕಪ್ಪು ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ, ಮೊದಲು ದನದ ಮೇಲೆ ಬೀಳುವುದು ಅದೇ.

ಕಟ್ಟಿಕೊಳ್ಳುವುದು ಎರಡನೆಯ ದೂರು. ನಮ್ಮ ಮುರಕಲ್ಲಿನ ನೆಲದ ಬಾವಿ, ಬೋರ್‌ವೆಲ್ ನೀರಿನಲ್ಲಿ ಹಲವೆಡೆ ಕಬ್ಬಿಣದ ಅಂಶ ಇರುತ್ತದೆ. ಕೆಂಪು ಮಡ್ಡಿ ಮೂತಿಯ ಕೂದಲೆಳೆ ತೂತಿನಲ್ಲಿ ಕೂರುತ್ತದೆ. ಕಿಟ್ಟಿನ ಜೊತೆ ಬರುವ ಫಿಲ್ಟರ್ ಸಣ್ಣದು. ಅದರ ಬದಲು ಅಡಿಕೆ ತೋಟಕ್ಕೆ ಹಾಕುವ 120 ಮೆಶ್‌ನ ಡಿಸ್ಕ್ ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ನೀರನ್ನು ಒಂದು ರಾತ್ರಿ ಟ್ಯಾಂಕಿನಲ್ಲಿ ನಿಲ್ಲಿಸಿದರೆ ಮಡ್ಡಿ ಬಹಳಷ್ಟು ತಳಕ್ಕಿಳಿಯುತ್ತದೆ. ಪಂಪಿನ ಪೈಪು ಟ್ಯಾಂಕಿನ ತಳಕ್ಕಿಂತ ಅರ್ಧ ಅಡಿ ಮೇಲಿರಲಿ. ಕಟ್ಟಿದ ಮೂತಿಯನ್ನು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಊದಿದರೆ ಬಿಡುತ್ತದೆ. ಸೂಜಿ, ತಂತಿ ಚುಚ್ಚಬೇಡಿ. ತೂತು ದೊಡ್ಡದಾದರೆ ಆ ಮೂತಿ ಮತ್ತೆ ಮಂಜು ಬಿಡುವುದಿಲ್ಲ.

ಟೈಮರ್ ಕೊಳ್ಳುವಾಗಲೂ ಜಾಗ್ರತೆ. ತಿರುಗಿಸುವ ಸಾಮಾನ್ಯ ಪ್ಲಗ್ ಟೈಮರಿನಲ್ಲಿ ಕನಿಷ್ಠ ಅವಧಿ 15 ನಿಮಿಷ, ಅದು ಇಲ್ಲಿ ಉಪಯೋಗಕ್ಕಿಲ್ಲ. ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಆನ್, ಆಫ್ ಸರದಿ ಇಡಬಹುದಾದ ಸೈಕ್ಲಿಕ್ ಟೈಮರ್ ಕೇಳಿ. ಫಾಗರಿಗೆ ಒಂದು ನಿಮಿಷ ಆನ್, ಐದು ನಿಮಿಷ ಆಫ್. ಹತ್ತೂ ಫಾಗರ್ ಹೀಗೆ ನಾಲ್ಕು ಗಂಟೆ ಓಡಿದರೆ 200 ಲೀಟರ್ ಬೇಕು.

ವಿದ್ಯುತ್ತಿನ ವಿಷಯದಲ್ಲಿ ರಾಜಿಯೇ ಬೇಡ. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ, ಕಬ್ಬಿಣದ ಸರಪಳಿಯಲ್ಲಿ ಕಟ್ಟಿಸಿಕೊಂಡ ದನಕ್ಕೆ ಮನುಷ್ಯನಿಗಿಂತ ಕಡಿಮೆ ವೋಲ್ಟೇಜಿನಲ್ಲೇ ಜೀವ ಹೋಗುತ್ತದೆ. ಪಂಪು, ಟೈಮರ್, ಸ್ವಿಚ್ಚು ಹಟ್ಟಿಯ ಹೊರಗಿರಲಿ. ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ.

ಏಪ್ರಿಲ್ ಬಂದ ಮೇಲೆ ಮಾಡಬೇಕಾದ ಬದಲಾವಣೆ ಸುಲಭ. ಫಾಗರ್ ಕಳಚಿ, ಗಂಟೆಗೆ 60 ಲೀಟರ್ ಬಿಡುವ ಅರ್ಧ ಸುತ್ತಿನ ಮೈಕ್ರೋ ಸ್ಪ್ರಿಂಕ್ಲರ್ ಹಾಕಿ, ದನಕ್ಕೆ ಒಂದರಂತೆ. ತೋಟಕ್ಕೆ ಮಾರುವ ಅದೇ ಸಾಮಾನು. ಮರಿಗೆಯಿಂದ ಒಂದೂವರೆ ಅಡಿ ಹಿಂದೆ, ಏಳು ಅಡಿ ಎತ್ತರದಲ್ಲಿ, ನೀರು ಹಿಂದಕ್ಕೆ ಬೀಳುವಂತೆ ತಿರುಗಿಸಿ. ಕುತ್ತಿಗೆ, ಭುಜ, ಬೆನ್ನು ನೆನೆಯಬೇಕು. ಹಿಂಡಿ, ಹುಲ್ಲು ನೆನೆಯಬಾರದು. ಇದಕ್ಕೆ ಎರಡು ಬಾರ್ ಸಾಕು, ಮರಳುವ ವಾಲ್ವನ್ನು ಇನ್ನಷ್ಟು ತೆರೆಯಿರಿ. ಎರಡು ನಿಮಿಷ ಆನ್, ಹದಿಮೂರು ನಿಮಿಷ ಆಫ್. ನಾಲ್ಕು ದನಕ್ಕೆ ನಾಲ್ಕು ಗಂಟೆಗೆ 128 ಲೀಟರ್. ದೊಡ್ಡ ಹನಿ ರೋಮ ದಾಟಿ ಚರ್ಮಕ್ಕೆ ಇಳಿಯುತ್ತದೆ, ಆ ನೀರನ್ನು ಒಣಗಿಸುವುದು ಫ್ಯಾನ್. ಇಲ್ಲಿ ತಣಿಯುವುದು ಹಟ್ಟಿಯ ಗಾಳಿಯಲ್ಲ, ದನದ ಮೈ. ತೇವಾಂಶ ಹೆಚ್ಚಿದ್ದರೂ ಈ ವಿಧಾನ ನಡೆಯುವುದು ಅದಕ್ಕೇ.

ಫ್ಯಾನ್ ಇಲ್ಲದೆ ನೀರು ಹಾಕುವುದು ಅರ್ಧ ಕೆಲಸ. 24 ಇಂಚಿನ ಗೋಡೆ ಫ್ಯಾನ್ ಒಂದರ ಗಾಳಿ ಸುಮಾರು 20 ಅಡಿಯ ತನಕ ಸಾಗುತ್ತದೆ, ನಾಲ್ಕೈದು ದನಕ್ಕೆ ಸಾಕು. ಎಂಟು ಅಡಿ ಎತ್ತರದಲ್ಲಿ ಸ್ವಲ್ಪ ಕೆಳಮುಖವಾಗಿ ಕೂರಿಸಿ, ಪಡುವಣ ಬದಿಯಿಂದ ಮೂಡಣಕ್ಕೆ ಬೀಸಲಿ. ಆಗ ಮಧ್ಯಾಹ್ನದ ಕಡಲ ಗಾಳಿಗೆ ಅದು ಎದುರಾಗುವುದಿಲ್ಲ. ರಾತ್ರಿಯೂ ಓಡಲಿ. ಹಗಲು ತುಂಬಿಕೊಂಡ ಬಿಸಿಯನ್ನು ದನ ಬಿಟ್ಟುಕೊಡುವುದು ರಾತ್ರಿಯೇ, ಸೊಳ್ಳೆಯೂ ದೂರ. ಹಣ ಒಂದಕ್ಕೇ ಇದ್ದರೆ ಫಾಗರ್ ಬಿಟ್ಟು ಫ್ಯಾನ್ ಕೊಳ್ಳಿ, ನೀರನ್ನು ಹೋಸಿನಿಂದ ಹಾಕಿ.

ಹಾಲು ಕರೆಯುವ ಅರ್ಧ ಗಂಟೆ ಮೊದಲು ನೀರು ನಿಲ್ಲಬೇಕು. ಪಕ್ಕೆಯಿಂದ ಇಳಿದ ನೀರು ಕೆಚ್ಚಲಿನಿಂದ ತೊಟ್ಟಿಕ್ಕುತ್ತಿದ್ದರೆ ಆನ್ ಇರುವ ಸಮಯ ಕಡಿಮೆ ಮಾಡಿ. ಗೋಬರ್ ಗ್ಯಾಸ್ ಇರುವ ಮನೆಯವರು ಈ ನೀರನ್ನು ಬೇರೆ ಚರಂಡಿಗೆ ತಿರುಗಿಸಲೇಬೇಕು. ಸೆಗಣಿಗೆ ಸಮಪಾಲಿಗಿಂತ ಹೆಚ್ಚು ನೀರು ಸೇರಿದರೆ ಗ್ಯಾಸ್ ಇಳಿಯುತ್ತದೆ.

ಕೆಲಸ ಆಗುತ್ತಿದೆಯೇ ಎಂದು ದನವನ್ನೇ ನೋಡಿ ತಿಳಿಯಬಹುದು. ಪಕ್ಕೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ, ಇಮ್ಮಡಿ ಮಾಡಿ. ನಿಮಿಷಕ್ಕೆ 60 ದಾಟಿದರೆ ಸೆಕೆ ತಟ್ಟಿದೆ. 80 ದಾಟಿ, ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಟೈಮರಿಗೆ ಕಾಯದೆ ನೀರು, ಗಾಳಿ ಎರಡೂ ಕೊಡಿ, 1962ಕ್ಕೆ ಕರೆ ಮಾಡಿ ಪಶು ವೈದ್ಯರನ್ನು ಕೇಳಿ. ಕುಡಿಯುವ ನೀರು ಹೊತ್ತಿಗೊಂದು ಕೊಡಪಾನ ಅಲ್ಲ, ಮರಿಗೆಯಲ್ಲಿ ಸದಾ ಇರಲಿ. ಕರೆಯುವ ದನ ಈ ಕಾಲದಲ್ಲಿ ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ, ಅಕ್ಕಚ್ಚು ಅದಕ್ಕೆ ಬದಲಿಯಲ್ಲ. ಎಮ್ಮೆ, ಕೋಣಗಳಿಗೆ ಕಪ್ಪು ಚರ್ಮ, ಬೆವರುವುದೂ ಕಡಿಮೆ. ಅವಕ್ಕೆ ಸ್ಪ್ರಿಂಕ್ಲರಿನ ಜೊತೆ ಹೊಂಡವೋ ಹೋಸೋ ಬೇಕೇ ಬೇಕು. ಇಲ್ಲಿನ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ನೆರಳು, ನೀರು, ಗಾಳಿ ಇದ್ದರೆ ಸಾಮಾನ್ಯವಾಗಿ ಸಾಕು.

ಕೋಳಿಗೂಡಿಗೆ ಈ ಕಿಟ್ ಬೇಡ. ಹಾಸು ಒದ್ದೆಯಾಗಿ ಅಮೋನಿಯದ ಘಾಟು ಏಳುತ್ತದೆ, ರೋಗ ಬರುತ್ತದೆ. ಹನ್ನೊಂದರಿಂದ ನಾಲ್ಕರ ತನಕ ತೀನಿ ಕೊಡದೆ, ತಣ್ಣೀರನ್ನು ಆಗಾಗ ಬದಲಿಸಿ. ನಾಯಿಗೂ ಮಂಜಿನಿಂದ ಲಾಭವಿಲ್ಲ. ಹೊಟ್ಟೆಯ ಅಡಿ, ಪಾದ ಒದ್ದೆ ಮಾಡಿ ಫ್ಯಾನಿನ ಮುಂದೆ ಮಲಗಿಸಿ, ಶೀಟಿನ ಅಡಿಯಲ್ಲಿ ಕಟ್ಟಲೇಬೇಡಿ.

ಇದೆಲ್ಲಕ್ಕೂ ಮೊದಲು ಮಾಡಿನ ಶೀಟು. ಕಾದ ಶೀಟಿನ ಅಡಿಯಲ್ಲಿ ಯಾವ ಕಿಟ್ಟೂ ಸೋಲುತ್ತದೆ. ತೆಂಗಿನ ಮಡಲೋ ಅಡಿಕೆ ಸೋಗೆಯೋ ಎರಡು ಪದರ ಹಾಕಿ, ಗಾಳಿಗೆ ಹಾರದಂತೆ ಹಗ್ಗ ಬಿಗಿಯಿರಿ. ಮೇ ಕೊನೆಗೆ ತೆಗೆಯಿರಿ, ಮಳೆಯಲ್ಲಿ ಬಿಟ್ಟರೆ ನೀರು ಹಿಡಿದು ಶೀಟು ತುಕ್ಕು ಹಿಡಿಯುತ್ತದೆ. ಅದೇ ದಿನ ಫಾಗರ್, ಸ್ಪ್ರಿಂಕ್ಲರ್‌ಗಳನ್ನೂ ಕಳಚಿ, ನಿಂಬೆ ಉಪ್ಪಿನ ನೀರಿನಲ್ಲಿ ತೊಳೆದು ಒಣಗಿಸಿ ಡಬ್ಬಿಯಲ್ಲಿಡಿ, ಪೈಪಿನ ಕೊನೆಯ ಮುಚ್ಚಳ ತೆಗೆದು ನೀರು ಪೂರ್ತಿ ಹೊರಬಿಡಿ. ಪಂಪಿನ ನೀರೂ ಖಾಲಿಯಾಗಲಿ. ಕೊಳ್ಳುವಾಗಲೇ ಎರಡು ಫಾಗರ್, ನಾಲ್ಕು ವಾಲ್ವ್, ಒಂದು ಫಿಲ್ಟರ್ ಡಿಸ್ಕ್ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ. ಬಿಡಿ ಭಾಗ ಕೊಡಲು ಆಗುವುದಿಲ್ಲ ಎನ್ನುವ ಅಂಗಡಿಯಿಂದ ಕಿಟ್ ತೆಗೆದುಕೊಳ್ಳಬೇಡಿ.