ಲಿಬರ್ಟಿಯಾ ಕೊಳ್ಳುವ ಮುನ್ನ: ಹಸಿರಾಗಿಯೇ ಸಾಯುವ ಗಿಡದ ಬಗ್ಗೆ ಒಂದು ಎಚ್ಚರಿಕೆ

‘ಲಿಬರ್ಟಿಯಾ: ನಿತ್ಯಹಸಿರು, ವರ್ಷವಿಡೀ ಬಿಳಿ ಹೂವು, ಯಾವ ಹವೆಗೂ ಒಗ್ಗುತ್ತದೆ’ ಎಂಬ ಜಾಹೀರಾತು ಮೊಬೈಲ್‌ನಲ್ಲಿ ಕಂಡರೆ ವಿಜಯಪುರ, ಬಾಗಲಕೋಟೆ ಕಡೆಯವರು ದಯವಿಟ್ಟು ಹಣ ಕಟ್ಟಬೇಡಿ. ಗಿಡದಲ್ಲಿ ದೋಷವೇನೂ ಇಲ್ಲ. ಆದರೆ ನಮ್ಮ ಬಿಸಿಲು, ಮಣ್ಣು, ಬೋರ್‌ವೆಲ್ ನೀರು ಮೂರೂ ಅದಕ್ಕೆ ಆಗಿಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಅದು ಸತ್ತಿದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಹಣ ವಾಪಸ್ ಕೇಳುವ ಗಡುವು ಮುಗಿದಿರುತ್ತದೆ.

ನನಗೆ ಆದದ್ದು ಹೀಗೆ. ಗಿಡಗಳು ಬಂದಾಗ ನೋಡಲು ಚೆನ್ನಾಗಿಯೇ ಇದ್ದವು. ಕತ್ತಿಯಂಥ ಬಿರುಸಾದ ಕಡುಹಸಿರು ಎಲೆಗಳು, ಬುಡಕ್ಕೆ ತೆಂಗಿನ ನಾರಿನ ಪುಡಿ, ಅದರ ಮೇಲೆ ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್. ಮಸಾರಿ ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ಬೆಳಗಿನ ಬಿಸಿಲಷ್ಟೇ ತಾಗುವ ಕಡೆ ಕುಂಡಗಳಲ್ಲಿ ಇಟ್ಟೆ. ವಾರಗಳು ಕಳೆದರೂ ಎಲೆಯ ಬಣ್ಣ ಕೆಡಲಿಲ್ಲ. ಬಂದವರೆಲ್ಲ ‘ಚೆನ್ನಾಗಿ ಹಿಡಿದಿದೆ’ ಎಂದರು. ಹೊಸ ಎಲೆ ಮಾತ್ರ ಒಂದೂ ಬರಲಿಲ್ಲ. ಯುಗಾದಿಯ ಸುಮಾರಿಗೆ ತುದಿಗಳು ಕಂದಾದವು. ಎಲೆ ಹಿಡಿದು ಸ್ವಲ್ಪ ಎಳೆದೆ, ಇಡೀ ಗಿಡ ಕೈಗೆ ಬಂತು. ಕೆಳಗೆ ಬೇರೇ ಇರಲಿಲ್ಲ. ಕಪ್ಪಗೆ ಕೊಳೆತ ನಾರು, ಅದರ ದುರ್ವಾಸನೆ.

ಮಾರಿದವರಿಗೆ ಬರೆದೆ. ನೀರು ಹೆಚ್ಚಾಗಿದೆ ಎಂದರು. ಎಷ್ಟು ಹಾಕುತ್ತಿದ್ದೆ ಎಂದು ತಿಳಿಸಿದ ಮೇಲೆ, ಹಾಗಾದರೆ ಕಡಿಮೆಯಾಗಿದೆ ಎಂದರು. ಕೊನೆಗೆ, ಗಿಡ ತಲುಪಿದಾಗ ನಾನೇ ಕಳಿಸಿದ್ದ ಫೋಟೋವನ್ನು ನನಗೇ ಮರಳಿಸಿ, ‘ನಿಮ್ಮ ಚಿತ್ರದಲ್ಲೇ ಗಿಡ ಆರೋಗ್ಯವಾಗಿದೆ, ಬದಲಿ ಕೇಳುವ ಅವಧಿ ಮುಗಿದಿದೆ’ ಎಂದು ಮಾತು ಮುಗಿಸಿದರು. ಈ ವ್ಯಾಪಾರ ನಿಂತಿರುವುದೇ ಇಲ್ಲಿ. ಗುಲಾಬಿಯೋ ದಾಸವಾಳವೋ ಆಗಿದ್ದರೆ ಬೇರು ಕೆಟ್ಟ ಕೆಲವೇ ದಿನಗಳಲ್ಲಿ ಎಲೆ ಜೋತುಬಿದ್ದು ಸುಳಿವು ಕೊಡುತ್ತಿತ್ತು. ಈ ಜಾತಿಯ ನಾರುಗಟ್ಟಿದ ದಪ್ಪ ಎಲೆ ಬೇರು ಹೋದ ಮೇಲೂ ಬಹಳ ಕಾಲ ಹಸಿರಾಗಿ ನಿಂತಿರುತ್ತದೆ.

ಲಿಬರ್ಟಿಯಾದ ತವರು ನ್ಯೂಜಿಲೆಂಡ್, ಚಿಲಿ, ಆಸ್ಟ್ರೇಲಿಯಾದ ಆಗ್ನೇಯ ಭಾಗ ಮುಂತಾದ ಕಡೆ. ದೊಡ್ಡ ಹೂವಿನ ಲಿಬರ್ಟಿಯಾ ಗ್ರಾಂಡಿಫ್ಲೋರಾ ಎಂಬ ಜಾತಿ ನ್ಯೂಜಿಲೆಂಡಿನ ಕಾಡಂಚಿನಲ್ಲಿ, ಹಳ್ಳಗಳ ದಡದಲ್ಲಿ ಬೆಳೆಯುವಂಥದ್ದು. ಅದಕ್ಕೆ ಬೇಸಿಗೆಯಲ್ಲೂ ಬೇರು ತಂಪಾಗಿರಬೇಕು. ಮಣ್ಣು ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಹುಳಿ ಅಂಶ ತುಸು ಇದ್ದರೆ ಒಳ್ಳೆಯದು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ, ಕುಂಡದ ಮಣ್ಣು ರಾತ್ರಿಯೂ ತಣ್ಣಗಾಗುವುದಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿದುಹಾಕುತ್ತದೆ, ಸೆಪ್ಟೆಂಬರ್ ಮಳೆಗೆ ಅಂಟಾಗಿ ಉಸಿರು ಕಟ್ಟಿಸುತ್ತದೆ. ಸುಣ್ಣದ ಅಂಶವೂ ಹೆಚ್ಚು, ಆದ್ದರಿಂದ ಕಬ್ಬಿಣದ ಕೊರತೆಯಾಗಿ ಎಲೆ ಬಿಳಚಿಕೊಳ್ಳುತ್ತದೆ. ಸವುಳು ನೀರಿನ ಮಾತು ಬೇರೆ ಹೇಳಬೇಕಿಲ್ಲ. ಅಂದಹಾಗೆ, ಗಿಡಕ್ಕೆ ಈ ಹೆಸರು ಬಂದದ್ದು ಮರಿ-ಆನ್ ಲಿಬೆರ್ ಎಂಬ ಸಸ್ಯವಿಜ್ಞಾನಿಯಿಂದ. ಆಲೂಗಡ್ಡೆಯ ಅಂಗಮಾರಿಗೆ ಕಾರಣವಾದ ಜೀವಿಯನ್ನು 1845ರಷ್ಟು ಹಿಂದೆಯೇ ವಿವರಿಸಿದವರಲ್ಲಿ ಆಕೆಯೂ ಒಬ್ಬರು. ಕೊಳೆರೋಗದ ವಿದ್ವಾಂಸೆಯ ಹೆಸರು ಹೊತ್ತ ಗಿಡ ನನ್ನ ಕುಂಡದಲ್ಲಿ ಕೊಳೆತೇ ಹೋಯಿತು.

ಇನ್ನೊಂದು ಬಗೆಯ ಮೋಸವೂ ನಡೆಯುತ್ತಿದೆ. ಜಮಖಂಡಿಯ ಸ್ನೇಹಿತರೊಬ್ಬರಿಗೆ ಬೇರೊಬ್ಬ ಮಾರಾಟಗಾರರಿಂದ ‘ಲಿಬರ್ಟಿಯಾ ಗಡ್ಡೆ’ಗಳು ಬಂದವು. ಲಿಬರ್ಟಿಯಾಕ್ಕೆ ಈರುಳ್ಳಿಯಂಥ ಗಡ್ಡೆಯೇ ಇಲ್ಲ. ಇರುವುದು ಮಣ್ಣಿನೊಳಗೆ ಅಡ್ಡ ಹರಿಯುವ ಗಿಡ್ಡ ಬೇರುಕಾಂಡ. ನೆಟ್ಟ ಮೇಲೆ ಅರಳಿದ್ದು ಬಿಳಿ ಮಳೆ ಲಿಲ್ಲಿ. ಅದೂ ಒಳ್ಳೆಯ ಹೂವೇ, ಆದರೆ ಕುಟುಂಬವೇ ಬೇರೆ, ಮತ್ತು ಅಕ್ಕಪಕ್ಕದ ಮನೆಯಲ್ಲಿ ಕೇಳಿದರೆ ಬಿಟ್ಟಿ ಸಿಗುತ್ತದೆ. ಗಡ್ಡೆ ಎಂಬ ಪದ ಕಂಡೊಡನೆ ಆ ಪುಟ ಮುಚ್ಚಿಬಿಡಿ. ಬೀಜದ ಪೊಟ್ಟಣವೂ ಬೇಡ. ತಂಪಿನಲ್ಲೂ ಅದು ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು.

ಯಾವುದೇ ಗಿಡ ಅಂಚೆಯಲ್ಲಿ ತರಿಸಿದರೂ ಎಲೆಯ ಫೋಟೋ ತೆಗೆದು ಸುಮ್ಮನಾಗಬೇಡಿ. ಬಂದ ದಿನವೇ ಪ್ಲಾಸ್ಟಿಕ್ ಬಿಚ್ಚುವುದರಿಂದ ಹಿಡಿದು ಬೇರು ತೊಳೆಯುವವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ಜೀವ ಇರುವ ಬೇರಿನ ತುದಿ ಬೆಳ್ಳಗಿರುತ್ತದೆ, ಹಿಸುಕಿದರೆ ಗಟ್ಟಿಯಾಗಿರುತ್ತದೆ. ನಂತರ, ಇಂಥ ಕತ್ತಿಯೆಲೆಯ ಗಿಡವಾದರೆ, ನಡುವಿನ ಎಳೆ ಎಲೆಯ ಮೇಲೆ, ಪಕ್ಕದ ಎಲೆಯ ಒಳಗಿನಿಂದ ಅದು ಹೊರಬರುವ ಜಾಗದಲ್ಲಿ, ಅಳಿಸದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಬೆಳೆಯುತ್ತಿದ್ದರೆ ಗೆರೆ ಮೇಲೇರುತ್ತದೆ. ಏರದಿದ್ದರೆ ಗಡುವು ಮುಗಿಯುವ ಮೊದಲೇ ಬರೆದು ಕೇಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಮುನ್ನೂರು ನಾನೂರು ರೂಪಾಯಿಗೆ ಯಾರು ಓಡಾಡುತ್ತಾರೆ ಎಂಬ ನಮ್ಮ ಉದಾಸೀನವೇ ಇಂಥವರ ಬಂಡವಾಳ.

ಲಿಬರ್ಟಿಯಾದಂತೆ ಐರಿಸ್ ಕುಟುಂಬದ್ದೇ ಬೇಕು, ನಿತ್ಯಹಸಿರಿರಬೇಕು, ಬಿಳಿ ಹೂವೇ ಬಿಡಬೇಕು ಎನ್ನುವವರಿಗೆ ಡಯಟಿಸ್ ಇದೆ. ನರ್ಸರಿಗಳಲ್ಲಿ ಆಫ್ರಿಕನ್ ಐರಿಸ್ ಎಂದು ಕೇಳಿ. ಅದರಲ್ಲಿ ದಕ್ಷಿಣ ಆಫ್ರಿಕಾದ ಡಯಟಿಸ್ ಗ್ರಾಂಡಿಫ್ಲೋರಾ ಎಂಬ ಜಾತಿ ಬಿಸಿಲನ್ನೂ ಒಣ ದಿನಗಳನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಬಿಳಿ ಹೂವು, ಹೊರದಳಗಳ ಮೇಲೆ ಹಳದಿ ಗುರುತು, ನಡುವೆ ನೇರಳೆ. ಡಯಟಿಸ್‌ನದೇ ಇನ್ನೊಂದು ಜಾತಿ ಇರಿಡಿಯಾಯ್ಡಿಸ್ ಎಂಬುದರ ಹೂವು ಚಿಕ್ಕದು, ಒಂದೇ ದಿನ ಬಾಳುತ್ತದೆ, ಅರೆನೆರಳು ಬೇಕು. ಬೈಕಲರ್ ಎಂಬ ತೆಳು ಹಳದಿಯದನ್ನು ಬಿಳಿ ಎಂದು ಕೊಡುವವರೂ ಇದ್ದಾರೆ, ಆದ್ದರಿಂದ ಹೂ ಬಿಟ್ಟಾಗಲೇ ನೋಡಿ ಕೊಳ್ಳಿ. ಎರೆಯಲ್ಲಿ ನೇರ ನೆಡಬೇಡಿ. ಗರಸು, ಮಸಾರಿ, ತಿಪ್ಪೆಗೊಬ್ಬರ ಸೇರಿಸಿ ಮಡಿ ಎತ್ತರಿಸಿ, ಮೃಗಶಿರಾ ಮಳೆ ಬಿದ್ದ ಮೇಲೆ ನೆಡಿ. ಕಿತ್ತು ನೆಟ್ಟರೆ ಮುನಿಸಿಕೊಳ್ಳುವ ಗಿಡ ಇದು, ಮೊದಲ ವರ್ಷ ಹೂ ಬಿಡದಿದ್ದರೂ ಜಾಗ ಬದಲಿಸಬೇಡಿ.

ತೋಟದ ಕೆಲಸಕ್ಕೆ ಬರುವವರಿಗೂ ಮೊದಲೇ ಹೇಳಿಟ್ಟಿರಿ: ಹೂ ಬಾಡಿದ ಮೇಲೆ ದಂಟನ್ನು ಬುಡಕ್ಕೆ ಕತ್ತರಿಸಬಾರದು. ಡಯಟಿಸ್ ಅದೇ ದಂಟಿನಲ್ಲಿ ಮತ್ತೆ ಮತ್ತೆ ಹೂ ಬಿಡುತ್ತದೆ. ಒಣಗಿ ಕಂದಾದ ದಂಟನ್ನು ಮಾತ್ರ ತೆಗೆಯಲಿ.