ಪಾಪ್-ಅಪ್ ಹೆಡ್‌ಲೈಟ್ ಕಿತ್ತು ಫಿಕ್ಸೆಡ್ ಲೈಟ್ ಹಾಕೋ ಮುಂಚೆ ಲೆನ್ಸಿನ ಮೇಲೆ ಬಾಣ ಇದೆಯಾ ನೋಡಿ

ಮೊದಲೇ ಹೇಳಿಬಿಡ್ತೀನಿ. 1989ರಿಂದ 1997ರವರೆಗೆ ಬಂದ ಮಾಜ್ದಾ ಎಂಎಕ್ಸ್-5, ಅದೇ ಕಣ್ಣು ಬಿಟ್ಟು ಮುಚ್ಚೋ ಗಾಡಿ, ಬ್ರಿಟನ್ನಿನಲ್ಲಿ ಇಟ್ಟುಕೊಂಡಿರೋ ನಮ್ಮವರು ಯಾರಾದರೂ ಆ ಲೈಟ್ ಕಿತ್ತು ಅದೇ ಗುಂಡಿಯೊಳಗೆ ಪಾರದರ್ಶಕ ಮುಚ್ಚಳದ ಕೆಳಗೆ ಕೂರೋ ಫಿಕ್ಸೆಡ್ ಲೈಟ್ ಕಿಟ್ ತರಿಸೋ ಯೋಚನೆಯಲ್ಲಿದ್ದರೆ, ದುಡ್ಡು ಕಳಿಸೋ ಮುಂಚೆ ಒಂದೇ ಒಂದು ಫೋಟೋ ಕೇಳಿ. ಲೆನ್ಸಿನ ಮೇಲೆ ಅಚ್ಚಾಗಿರೋ ಗುರುತಿನ ಫೋಟೋ, ಹತ್ತಿರದಿಂದ. ಕೊಡಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ನಾನು ಕೇಳಲಿಲ್ಲ. 640 ಪೌಂಡ್ ಹೋಯ್ತು, ಪೇಂಟಿಗೆ 180 ಬೇರೆ.

ಮಾರಿದವರ ಹೆಸರು ಹಾಕಲ್ಲ. ಹಾಕಿದರೆ ಅದಕ್ಕೂ ಒಂದು ಜಗಳ. ಲೈಟಿನ ಗುಣಲಕ್ಷಣ ಹೇಳ್ತೀನಿ, ಯಾರ ಹತ್ತಿರ ತಗೊಂಡರೂ ಅನ್ವಯಿಸುತ್ತೆ.

ಬಾಕ್ಸಿನಲ್ಲಿ ಬಂದದ್ದು ಇಷ್ಟು: ಮೂಲ ಮುಚ್ಚಳದ ಜಾಗಕ್ಕೆ ಕೂರೋ ಎರಡು ಫೈಬರ್‌ಗ್ಲಾಸ್ ಚೌಕಟ್ಟು, ಬಿಸಿ ಮಾಡಿ ಬಗ್ಗಿಸಿದ ಎರಡು ಪಾರದರ್ಶಕ ಮುಚ್ಚಳ, ಡಿಪ್ಪು ಹೈಬೀಮು ಎರಡೂ ಕೊಡೋ ಎರಡು ಎಲ್‌ಇಡಿ ಪ್ರೊಜೆಕ್ಟರ್ (ಮುಂದೆ ಉಬ್ಬು ಲೆನ್ಸ್ ಇರೋ ಲೈಟಿನ ಯೂನಿಟ್), ನಾಲ್ಕು ಬ್ರಾಕೆಟ್, ಒಂದಿಷ್ಟು ವೈರು, ಮಸುಕಾದ ಒಂದು ಜೆರಾಕ್ಸ್ ಹಾಳೆ. ಎಡಗಡೆ ಚೌಕಟ್ಟು ಇಟ್ಟರೆ ಬಾನೆಟ್ ಪಕ್ಕ 3 ಎಂಎಂ ಸಂದು, ಬಲಗಡೆ 8 ಎಂಎಂ. ಒಂದಕ್ಕೂ ತೂತು ಕೊರೆದಿರಲಿಲ್ಲ. ಫೈಬರ್ ಅಂದಮೇಲೆ ಉಜ್ಜಬೇಕು, ಕೂರಿಸಬೇಕು, ಅದು ಎಲ್ಲರಿಗೂ ಗೊತ್ತಿರೋದೇ, ಅದಕ್ಕೆ ನನ್ನ ತಕರಾರಿಲ್ಲ. ಎರಡು ಸಂಜೆ ಉಜ್ಜಿದ್ದಾಯ್ತು, ಪೇಂಟೂ ಆಯ್ತು. ಪೇಂಟ್ ಆದಮೇಲೆ ವಾಪಸ್ ತಗೊಳಲ್ಲ ಅನ್ನೋದು ಆಮೇಲೆ ತಿಳಿದ ವಿಷಯ.

ಮೋಸ ಹೋದೆ ಅಂತ ಗೊತ್ತಾಗಿದ್ದು ಗೋಡೆ ಮುಂದೆ. ಸಮತಟ್ಟು ನೆಲ, ಗೋಡೆಗೆ 10 ಮೀಟರ್, ಟೈರಿನ ಗಾಳಿ ಸರಿಯಾಗಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತು, ಲೆನ್ಸಿನ ನಡುಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಟೇಪು. ಡಿಪ್ಪಿನ ಗೆರೆ, ಅಂದರೆ ಬೆಳಕು ಮುಗಿದು ಮೇಲೆ ಕತ್ತಲು ಶುರುವಾಗೋ ಅಂಚು, ಆ ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ, ಅಂದರೆ 1 ಶೇಕಡಾ ಇಳಿಜಾರಿನಲ್ಲಿ ಬೀಳಬೇಕು. ಬಿತ್ತು. ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ಇತ್ತು, ನೋಡಿ ಖುಷಿಯೇ ಆಯ್ತು. ಆದರೆ ಡಿಪ್ಪಿನ ಗೆರೆ ಒಂದು ಬದಿಯಲ್ಲಿ ಓರೆಯಾಗಿ ಮೇಲೆ ಏರುತ್ತಲ್ಲ, ರಸ್ತೆ ಬದಿಯ ಬೋರ್ಡು, ನಡೆದು ಹೋಗೋರು ಕಾಣಲಿ ಅಂತ, ಆ ಏರಿಕೆ ಬಲಗಡೆ ಇತ್ತು. ಬಲಗಡೆ! ಎಡಗಡೆ ಗಾಡಿ ಓಡಿಸೋ ದೇಶದಲ್ಲಿ ಬಲಗಡೆ ಏರಿದರೆ ಅದು ನೇರ ಎದುರಿನವನ ಕಣ್ಣಿಗೆ.

ನಾಚಿಕೆ ಬಿಟ್ಟು ಹೇಳ್ತೀನಿ, ಎಡದ ಪ್ರೊಜೆಕ್ಟರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಟ್ಟಿದ್ದೀನಿ ಅಂದುಕೊಂಡೆ. ಎರಡೂ ಬಿಚ್ಚಿ ಅದಲು ಬದಲು ಮಾಡಿದೆ. ಎರಡು ಗಂಟೆ. ಮತ್ತೆ ಹಚ್ಚಿದರೆ ಅದೇ ಬಲಗಡೆ. ಆಗಲೇಬೇಕಲ್ಲ! ಒಂದೇ ಕಾರಿನ ಎರಡು ಲೈಟಿಗೂ ಏರಿಕೆ ಒಂದೇ ಬದಿಗೆ ಇರುತ್ತೆ, ಜಾಗ ಬದಲಿಸಿದರೆ ಅದು ಹೇಗೆ ತಿರುಗೀತು? ಇಷ್ಟು ವರ್ಷ ಲೈಟು ಬಿಚ್ಚಿ ಜೋಡಿಸಿದ ಕೈ, ಆ ರಾತ್ರಿ ತಲೆ ಓಡಲಿಲ್ಲ.

ಆಮೇಲೆ ಟಾರ್ಚ್ ಹಿಡಿದು ಲೆನ್ಸಿನ ಅಂಚು ನೋಡಿದೆ. ಮೊದಲ ದಿನವೇ ನೋಡಬೇಕಿತ್ತು. ಯೂರೋಪಿನ ಮಂಜೂರಾತಿ ಇರೋ ಹೆಡ್‌ಲೈಟಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಅದರ ಪಕ್ಕ ಮಂಜೂರು ಮಾಡಿದ ದೇಶದ ಸಂಖ್ಯೆ ಇರುತ್ತೆ, ಜರ್ಮನಿ 1, ಬ್ರಿಟನ್ 11. ಜೊತೆಗೆ ಅಕ್ಷರಗಳು, ಸಿ ಅಂದರೆ ಡಿಪ್, ಆರ್ ಅಂದರೆ ಹೈಬೀಮ್. ಎಡಗಡೆ ಓಡಿಸೋ ದೇಶದ ಲೈಟಾದರೆ ಅಡ್ಡವಾಗಿ ಒಂದು ಬಾಣ, ಲೈಟಿಗೆ ಎದುರಾಗಿ ನಿಂತು ನೋಡೋರ ಬಲಕ್ಕೆ ಮುಖ ಮಾಡಿರುತ್ತೆ. ಎರಡೂ ಕಡೆಗೆ ಹೊಂದಿಸಬಹುದಾದ ಲೈಟಿಗೆ ಎರಡು ತಲೆಯ ಬಾಣ. ಬಲಗಡೆ ಓಡಿಸೋ ದೇಶದ್ದಕ್ಕೆ ಬಾಣವೇ ಇರಲ್ಲ. ನನ್ನ ಎರಡು ಲೆನ್ಸಿನ ಮೇಲೂ ಬಾಣ ಇರಲಿಲ್ಲ. ಬಾಣ ಹೋಗಲಿ, ಇ ಗುರುತೂ ಇರಲಿಲ್ಲ. ಜಾಹೀರಾತಿನಲ್ಲಿ ಮಾತ್ರ ದಪ್ಪಕ್ಷರದಲ್ಲಿ "ಬ್ರಿಟನ್ ಸ್ಟಾಕ್" ಅಂತ ಇತ್ತು. ಸ್ಟಾಕ್ ಬ್ರಿಟನ್ನಿನಲ್ಲೇ ಇತ್ತು ನಿಜ, ಗೋಡೌನು ಇಲ್ಲೇ. ಸುಳ್ಳು ಹೇಳಿಲ್ಲವಂತೆ!

ಈಗ ಕಿಟ್ ಮಾರಿದವರ ಉತ್ತರಗಳು. ಇವನ್ನು ನೀವು ಓದಲೇಬೇಕು.

ಮೊದಲನೇದು: "ನಿಮ್ಮ ಗೋಡೆ ನೇರ ಇದೆಯಾ ನೋಡಿ." ಗೋಡೆ ಸೊಟ್ಟಗಿದ್ದರೆ ಬೆಳಕಿನ ಎಡ ಬಲ ಬದಲಾಗುತ್ತಾ ಸ್ವಾಮಿ?

ಎರಡನೇದು, ಮೂರು ದಿನ ಬಿಟ್ಟು: "ಬ್ರಾಕೆಟ್ ಸಡಿಲಿಸಿ ಪ್ರೊಜೆಕ್ಟರನ್ನು ಹದಿನೈದು ಡಿಗ್ರಿ ತಿರುಗಿಸಿ." ಇದನ್ನು ಕೇಳಿ ಎಷ್ಟು ಜನ ತಿರುಗಿಸಿ ಕೂತಿದ್ದಾರೋ. ಗೆರೆಯ ಆಕಾರ ಬರೋದು ಪ್ರೊಜೆಕ್ಟರಿನ ಒಳಗಿನ ತಗಡಿನ ಅಂಚಿನಿಂದ. ಹದಿನೈದು ಡಿಗ್ರಿ ತಿರುಗಿಸಿದರೆ ಏರಿಕೆ ಮಟ್ಟವಾಗುತ್ತೆ, ಮಟ್ಟವಾಗಿದ್ದದ್ದು ಓರೆಯಾಗಿ ಮೇಲೇಳುತ್ತೆ, ಗೆರೆ ಎಡಕ್ಕೆ ಬಂದ ಹಾಗೆ ಕಂಡರೂ ಕೆಳಗಿನ ಬೆಳಕಿನ ಹರಡಿಕೆಯೆಲ್ಲ ಓರೆಯಾಗುತ್ತೆ. ಪೂರ್ತಿ ತಲೆಕೆಳಗು ಮಾಡಿದರೆ ಬೆಳಕೆಲ್ಲ ಮರದ ಮೇಲೆ. ಗೆರೆಯ ಜೊತೆ ಬೆಳಕೂ ಸರಿಯಾಗಿ ಎಡದ್ದು ಬಲ ಆಗಬೇಕಾದರೆ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಬೇಕು, ತಿರುಗಿಸಿದರೆ ಸಾಲದು. ಬೇರೆ ಪ್ರೊಜೆಕ್ಟರೇ ಬೇಕು, ಇಲ್ಲಾ ಒಳಗಿನ ತಗಡು ಬದಲಿಸಬೇಕು.

ಮೂರನೇದು: "ಲೆನ್ಸಿಗೆ ಕಪ್ಪು ಟೇಪ್ ಹಚ್ಚಿ." ಹಡಗಿನಲ್ಲಿ ಫ್ರಾನ್ಸಿಗೆ ಹೋಗೋರು, ಅಲ್ಲಿ ಬಲಗಡೆ ಓಡಿಸೋದರಿಂದ, ಏರಿಕೆ ಮರೆಮಾಡೋಕೆ ನಾಲ್ಕು ದಿನಕ್ಕೆ ಹಚ್ಚೋ ಸ್ಟಿಕರನ್ನ ನಾನು ಜೀವಮಾನ ಹಚ್ಚಿಕೊಂಡಿರಬೇಕಂತೆ, 640 ಪೌಂಡ್ ಕೊಟ್ಟು.

ನಾಲ್ಕನೇದು: "ಬೇರೆ ಯಾವ ಗ್ರಾಹಕರೂ ದೂರು ಹೇಳಿಲ್ಲ."

ಐದನೇದು ನೋಡಿ: "ಬಾಕ್ಸಿನ ತಳದ ಚೀಟಿ ಓದಿ." ಫೋಮಿನ ಅಡಿಯಲ್ಲಿ ಬೆರಳುದ್ದದ ಚೀಟಿ ಅಂಟಿಸಿತ್ತು, ಪ್ರದರ್ಶನಕ್ಕೆ ಮತ್ತು ರಸ್ತೆಯಾಚೆಯ ಬಳಕೆಗೆ ಮಾತ್ರ ಅಂತ. ಜಾಹೀರಾತಿನಲ್ಲಿ ಈ ಮಾತು ಎಲ್ಲೂ ಇಲ್ಲ. ಆ ಚೀಟಿ ಓದಿದಾಗ ಆದ ಅವಮಾನ ಇದೆಯಲ್ಲ, ದುಡ್ಡು ಹೋದದ್ದಕ್ಕಿಂತ ಜಾಸ್ತಿ.

ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಮಾಡೋ ಹಿರಿಯರೊಬ್ಬರಿಗೆ ತೋರಿಸಿದ್ದಕ್ಕೆ ಬೀಮ್ ಯಂತ್ರ ಮುಂದೆ ತಂದು ಅರ್ಧ ನಿಮಿಷ ನೋಡಿ ತಲೆ ಅಲ್ಲಾಡಿಸಿದರು. ಡಿಪ್ ತಪ್ಪು ಬದಿಗೆ, ಫೇಲ್. ಮಾತೇ ಇಲ್ಲ.

ಬೀಮ್ ಒಂದೇ ಆಗಿದ್ದರೆ ಪ್ರೊಜೆಕ್ಟರ್ ಬದಲಿಸಿ ಸುಮ್ಮನಾಗ್ತಿದ್ದೆ. ಮುಚ್ಚಳದ ಕಥೆ ಬೇರೆಯೇ. ಹಾಳೆಯಲ್ಲಿ "ಸ್ಕ್ರೂ ಸಡಿಲವಾಗದ ಹಾಗೆ ಥ್ರೆಡ್‌ಲಾಕ್ ಹಾಕಿ" ಅಂತ ಬರೆದಿದೆ. ದಯವಿಟ್ಟು ಹಾಕಬೇಡಿ. ಬಿಗಿತದಲ್ಲಿರೋ ಪಾಲಿಕಾರ್ಬೊನೇಟಿಗೂ ಅಕ್ರಿಲಿಕ್ಕಿಗೂ ಆ ದ್ರವ ತಾಗಿದರೆ ತೂತಿನ ಸುತ್ತ ಕೂದಲೆಳೆ ಬಿರುಕು ಬಿಡುತ್ತೆ. ನನ್ನ ಎಡ ಮುಚ್ಚಳದಲ್ಲಿ ಆರು ಸ್ಕ್ರೂ, ಅದರಲ್ಲಿ ನಾಲ್ಕರ ಸುತ್ತ ಜೇಡರ ಬಲೆ. ಅದಕ್ಕೆ ಕೊಟ್ಟ ಉತ್ತರ "ನೀವು ಜಾಸ್ತಿ ಬಿಗಿದಿದ್ದೀರಿ". ಇನ್ನು ತೂತು. ಸ್ಕ್ರೂ 5 ಎಂಎಂ, ಹಾಳೆಯಲ್ಲಿ ಹೇಳಿದ ತೂತೂ 5 ಎಂಎಂ. ಪಾಲಿಕಾರ್ಬೊನೇಟ್ ಬಿಸಿಲಿಗೆ ಚೆನ್ನಾಗಿಯೇ ಹಿಗ್ಗುತ್ತೆ. 40 ಸೆಂಟಿಮೀಟರ್ ಉದ್ದದ ತುಂಡು, ಚಳಿಗಾಲದಿಂದ ಬಿಸಿಲಿಗೆ 40 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ, ಹೆಚ್ಚುಕಮ್ಮಿ 1 ಎಂಎಂ ಸರಿಯುತ್ತೆ. ಸರಿಯೋಕೆ ಜಾಗ ಇಲ್ಲದಿದ್ದರೆ ಒಡೆಯುತ್ತೆ ಅಷ್ಟೇ. ತೂತು 7 ಎಂಎಂ ಕೊರೆದು ರಬ್ಬರ್ ವಾಷರ್ ಹಾಕಿ, ಹಿಂದಿನಿಂದ ನೈಲಾಕ್ ನಟ್ (ತಾನೇ ಸಡಿಲವಾಗದ ಹಾಗೆ ಒಳಗೆ ನೈಲಾನ್ ಉಂಗುರ ಇರೋದು) ಕೈಬಿಗಿಗಿಂತ ಸ್ವಲ್ಪ ಜಾಸ್ತಿ ಬಿಗಿದರೆ ಸಾಕು. ಮೇಲ್ಮೈಗೆ ಗಟ್ಟಿ ಲೇಪ ಇಲ್ಲದ ಪಾಲಿಕಾರ್ಬೊನೇಟ್ ಬಿಸಿಲಿಗೆ ಹಳದಿಯಾಗುತ್ತೆ, ಅದನ್ನೂ ಕೇಳಿ ತಗೊಳ್ಳಿ. ಅಕ್ರಿಲಿಕ್ ಹಳದಿಯಾಗಲ್ಲ, ಆದರೆ ಕಲ್ಲು ಸಿಡಿದರೆ ಗೋವಿಂದ.

ಮಂಜು ಕಟ್ಟೋದು ಇನ್ನೊಂದು. ಹಳೆ ಹ್ಯಾಲೋಜನ್ನಿನ ಶಾಖ ಮುಂದಕ್ಕೆ ಬರುತ್ತೆ, ಗಾಜು ತಾನೇ ಒಣಗುತ್ತೆ. ಎಲ್‌ಇಡಿಯ ಶಾಖ ಹಿಂದಿನ ಹೀಟ್‌ಸಿಂಕಿಗೆ, ಅಂದರೆ ಶಾಖ ಹೀರೋ ಲೋಹದ ತುಂಡಿಗೆ, ಹೋಗುತ್ತೆ, ಮುಂದಿನ ಮುಚ್ಚಳ ತಣ್ಣಗೇ ಇರುತ್ತೆ, ಒಳಗೆ ಹನಿ ಕಟ್ಟಿ ಕೂತರೆ ಮಧ್ಯಾಹ್ನವಾದರೂ ಹೋಗಲ್ಲ. ಹನಿ ಇದ್ದರೆ ಆ ಚಾಕು ಗೆರೆ ಚೆದುರಿ ಎದುರಿನವರಿಗೆಲ್ಲ ಹೊಡೆಯುತ್ತೆ. ಉತ್ತರ ಏನು? "ಸುತ್ತ ಸಿಲಿಕಾನ್ ಬಳಿದು ಪೂರ್ತಿ ಮುಚ್ಚಿ." ವಿನೆಗರ್ ವಾಸನೆಯ ಸಿಲಿಕಾನ್ ಒಣಗುವಾಗ ಬಿಡೋ ಆಮ್ಲ ಕನೆಕ್ಟರಿನ ತಾಮ್ರವನ್ನೂ ಒಳಗಿನ ಹೊಳಪು ಲೇಪವನ್ನೂ ತಿನ್ನುತ್ತೆ. ಪೂರ್ತಿ ಮುಚ್ಚಿದರೆ ಎಲ್‌ಇಡಿ ಫ್ಯಾನಿಗೆ ಗಾಳಿ ಎಲ್ಲಿಂದ? ಅಂಚಿಗೆ ಬ್ಯೂಟಿಲ್ ಅನ್ನೋ ಅಂಟು ರಬ್ಬರಿನ ಹಗ್ಗ ಹಾಕಿ, ಗಾಳಿ ಬಿಟ್ಟು ನೀರು ತಡೆಯೋ ಪೊರೆಯ ವೆಂಟ್ ಎರಡು ಇಡಿ, ಹೀಟ್‌ಸಿಂಕ್ ಮುಚ್ಚಿದ ಡಬ್ಬಿಯಿಂದ ಹೊರಗೆ ಇರಲಿ.

ವೈರಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ರಿಟ್ರ್ಯಾಕ್ಟರ್ ಅಂತ ಬರೆದಿರೋ 30 ಆಂಪ್ ಫ್ಯೂಸ್ ತೆಗೆಯಿರಿ, ಲೈಟನ್ನು ಎತ್ತಿ ಇಳಿಸೋ ಮೋಟರಿನ ಪ್ಲಗ್ ಬಿಚ್ಚಿ ಟೇಪ್ ಸುತ್ತಿ, ಇದನ್ನೇ ಆ ಹಾಳೆ ಹೇಳಿರಲಿಲ್ಲ. ಮಲ್ಟಿಮೀಟರ್ ಹಿಡಿದು ನಿಮ್ಮ ಕಾರಿನಲ್ಲಿ ಡಿಪ್-ಹೈ ಸ್ವಿಚ್ ಆಗೋದು ಪ್ಲಸ್ ಕಡೆಯೋ ಅರ್ತ್ ಕಡೆಯೋ ನೋಡಿಕೊಳ್ಳಿ. ಜಪಾನಿನ ಎಷ್ಟೋ ಕಾರುಗಳಲ್ಲಿ ಅರ್ತ್ ಕಡೆ. ತಿಳಿಯದೆ ಜೋಡಿಸಿದರೆ ಹೈಬೀಮ್ ಬರಲ್ಲ.

ಎತ್ತರ ಮರೆಯಬೇಡಿ. ಎದ್ದು ನಿಲ್ಲೋ ಲೈಟು ಗುಂಡಿಯೊಳಗೆ ಇಳೀತು ಅಂದರೆ, ಅದೇ 1 ಶೇಕಡಾ ಇಳಿಜಾರಿನಲ್ಲಿ ಪ್ರತಿ 10 ಸೆಂಟಿಮೀಟರಿಗೆ 10 ಮೀಟರ್ ರಸ್ತೆ ಕತ್ತಲಾಗುತ್ತೆ. ಬ್ರಿಟನ್ನಿನ 1989ರ ಲೈಟಿನ ನಿಯಮದಲ್ಲಿ ಡಿಪ್ಪಿಗೆ ನೆಲದಿಂದ ಕನಿಷ್ಠ 500 ಎಂಎಂ. ಸ್ಪ್ರಿಂಗ್ ತಗ್ಗಿಸಿದವರು ಟೇಪು ಹಿಡಿದು ಅಳೆಯಿರಿ. ಈ ಎತ್ತರದ ಲೆಕ್ಕ ಇದ್ದದ್ದಕ್ಕೇ ಅಲ್ಲವಾ ಅಷ್ಟು ತಗ್ಗಿನ ಮೂತಿಗೆ ಏಳೋ ಕಣ್ಣು ಇಟ್ಟದ್ದು.

ದುಡ್ಡಿನ ವಿಷಯದಲ್ಲೂ ಬೆಪ್ಪಾದೆ. ಕಾರ್ಡಿನಲ್ಲಿ ಕೊಡ್ತೀನಿ ಅಂದೆ, ನೇರ ಬ್ಯಾಂಕಿಗೆ ಹಾಕಿದರೆ 40 ಪೌಂಡ್ ಕಮ್ಮಿ ಅಂದರು. ಹಾಕಿದೆ. ನೂರು ಪೌಂಡಿಗಿಂತ ಹೆಚ್ಚಿನ ಸಾಮಾನನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯನ್ನೇ ಹಿಡಿಯಬಹುದಿತ್ತು. ನಲವತ್ತು ಪೌಂಡಿನ ಆಸೆಗೆ ಅದೂ ಹೋಯ್ತು. ಆನ್‌ಲೈನ್ ಖರೀದಿಗೆ ಹದಿನಾಲ್ಕು ದಿನದ ವಾಪಸಾತಿ ಇದೆಯಲ್ಲ ಅಂದರೆ, "ನಿಮಗಾಗಿಯೇ ಮಾಡಿದ್ದು, ಅನ್ವಯಿಸಲ್ಲ" ಅಂತ. ನನಗಾಗಿ ಏನು ಮಾಡಿದರು? ನನಗಾಗಿ ಮಾಡಿದ್ದರೆ ಬಾಣ ಇರಬೇಕಿತ್ತು!

ಅಮೆರಿಕದಲ್ಲಿರೋ ನಮ್ಮವರಿಗೆ ಇನ್ನೂ ಕಷ್ಟ. ಅಲ್ಲಿಯ 108ನೇ ಸುರಕ್ಷತಾ ಮಾನದಂಡದ ಪ್ರಕಾರ ಉರಿಯೋ ಹೆಡ್‌ಲೈಟಿನ ಮುಂದೆ ಪಾರದರ್ಶಕ ಮುಚ್ಚಳವೇ ಇರಕೂಡದು. ಜಾಗ್ವಾರ್ ಇ-ಟೈಪ್ ತನ್ನ ಚಂದದ ಗಾಜಿನ ಮುಚ್ಚಳ ಕಳೆದುಕೊಂಡದ್ದು ಅಲ್ಲಿಯ ನಿಯಮದಿಂದಲೇ, 1967ರಲ್ಲಿ. ಊರಲ್ಲಿ, ಅಂದರೆ ಭಾರತದಲ್ಲಿ, ಯಾವ ಗಾಡಿಗೇ ಆಗಲಿ ಹೊರಗಿನಿಂದ ಪ್ರೊಜೆಕ್ಟರ್ ತರಿಸೋರೂ ಬಾಣ ನೋಡಿ, ಅಲ್ಲೂ ಓಡಿಸೋದು ಎಡಗಡೆಯೇ.

ಇಲ್ಲಿ ಬ್ರಿಟನ್ನಿನಲ್ಲಿ ಹಾಕಿಸಲೇಬೇಕು ಅಂದರೆ: ಇ ಗುರುತಿನ, ಬಲಕ್ಕೆ ಬಾಣ ಇರೋ ಲೈಟನ್ನು ನೀವೇ ಬೇರೆ ಕೊಳ್ಳಿ, ಚೌಕಟ್ಟು ಮಾತ್ರ ಅವರ ಹತ್ತಿರ ತಗೊಳ್ಳಿ. ಪೇಂಟಿಗೆ ಮುಂಚೆ ಗೋಡೆಗೆ ಬೆಳಕು ಬಿಟ್ಟು ನೋಡಿ. ಇನ್ಶೂರೆನ್ಸಿನವರಿಗೆ ಹೇಳಿ. ಒಂದು ಕಣ್ಣು ತಡವಾಗಿ ಏಳುತ್ತೆ ಅನ್ನೋ ಕಾರಣಕ್ಕೆ ಕಿತ್ತುಹಾಕೋರು ಮೊದಲು ಕನೆಕ್ಟರ್ ತೊಳೆದು ಕೀಲಿಗೆ ಗ್ರೀಸ್ ಹಚ್ಚಿ ನೋಡಿ, ಮೋಟರಿನ ರಬ್ಬರ್ ಟೋಪಿ ಕೆಳಗೆ ಕೈಯಲ್ಲಿ ತಿರುಗಿಸೋ ಗುಂಡಿಯೂ ಇದೆ.

ಹಳೆ ಮೋಟರು, ಮುಚ್ಚಳ, ಬ್ರಾಕೆಟ್ ಯಾವುದನ್ನೂ ಮಾರಬೇಡಿ. "ಮಾರಿ ಕಿಟ್ಟಿನ ಖರ್ಚು ಹುಟ್ಟಿಸಿಕೊಳ್ಳಿ" ಅಂತ ಅವರೇ ಹೇಳಿದ್ದು, ನಾನು ಮೊದಲ ವಾರದಲ್ಲೇ 60 ಪೌಂಡಿಗೆ ಕೊಟ್ಟುಬಿಟ್ಟೆ. ಈಗ ಗುಜರಿಯಲ್ಲಿ ಒಂದು ಜೊತೆಗೆ 220 ಕೇಳ್ತಿದ್ದಾರೆ, ಅದರಲ್ಲೂ ಎಡದ ಮುಚ್ಚಳಕ್ಕೆ ತಗ್ಗು ಬಿದ್ದಿದೆ. ಆ ಕಿಟ್ಟಿನ ಜಾಹೀರಾತು ಇವತ್ತು ಬೆಳಿಗ್ಗೆಯೂ ಇತ್ತು. ಹನ್ನೊಂದು ಫೋಟೋ, ಎಲ್ಲಾ ಹಗಲಲ್ಲಿ ತೆಗೆದದ್ದು. ಗೋಡೆ ಮೇಲಿನ ಬೆಳಕಿನದು ಒಂದೂ ಇಲ್ಲ.