ಗೇರ್ ಸೈಕಲ್, ನಾಲ್ಕು ಬೇಸಿಗೆ: ವಿಜಯಪುರದ ರಸ್ತೆಯಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಅಂಗಡಿಯಿಂದ ಬಂದ ಹಾಗೇ ಇಟ್ಟುಕೊಂಡರೆ ಈ ಸೈಕಲ್ಲಿಗೆ ಐದಕ್ಕೆ ಎರಡೂವರೆ. ಆಮೇಲೆ ನಾನು ಹಾಕಿಸಿದ ಹಿಂದಿನ ಲೈಟು, ಕನ್ನಡಿ, ಬೇರೆ ಟೈರು, ಉದ್ದನೆಯ ಮಡ್‌ಗಾರ್ಡ್ ಸೇರಿಸಿದರೆ ನಾಲ್ಕು. ಗೇರಿಗೆ ಸುರಿದ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಕಂಪನಿಯವರೇ ಇವನ್ನೆಲ್ಲ ಕೊಟ್ಟಿದ್ದರೆ ನಮ್ಮೂರಿಗೆ ಇದಕ್ಕಿಂತ ಒಳ್ಳೆ ಗಾಡಿ ಬೇಕಿರಲಿಲ್ಲ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. 15 ಸಾವಿರದ ಆಸುಪಾಸಿನ ಹೈಬ್ರಿಡ್ (ರೋಡ್ ಸೈಕಲ್ಲು, ಮೌಂಟನ್ ಸೈಕಲ್ಲು ಎರಡರ ಬೆರಕೆ) ಸೈಕಲ್ಲುಗಳ ಬಿಡಿಭಾಗ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ಸ್ಟಿಕರ್ ಮಾತ್ರ ಬೇರೆ. ನನ್ನದು 700×35ಸಿ ಚಕ್ರ, ಮುಂದೆ ಮೂರು ಹಿಂದೆ ಏಳು ಗೇರು, ರಿಮ್ಮನ್ನು ಎರಡೂ ಕಡೆಯಿಂದ ಅಮುಕುವ ವಿ-ಬ್ರೇಕು, ಅಲಾಯ್ ರಿಮ್ಮು. ರೇಲ್ವೆ ಸ್ಟೇಷನ್ ಕಡೆಯಿಂದ ಹೊರಟು ಗಾಂಧಿ ಚೌಕ, ಶಿವಾಜಿ ಚೌಕ ದಾಟಿ ಅಥಣಿ ರಸ್ತೆ ಹಿಡಿದು ತೊರವಿ ಕಡೆಗೆ ಕೆಲಸಕ್ಕೆ ಹೋಗುತ್ತೇನೆ. ಅರ್ಧ ದಾರಿ ಊರಿನ ಗದ್ದಲ, ಇನ್ನರ್ಧ ಬಯಲು. ಹಾಗಾಗಿ ಎರಡೂ ಥರದ ರಸ್ತೆಯ ಅನುಭವ ಇದರಲ್ಲಿದೆ.

ಗೇರಿನ ವಿಷಯ ಬೇಗ ಮುಗಿಸುತ್ತೇನೆ. ಇಪ್ಪತ್ತೊಂದು ಗೇರಿನಲ್ಲಿ ನಾನು ಬಳಸುವುದು ನಾಲ್ಕೋ ಐದೋ. ಚೈನು ಮುಂದೆ ನಡುವಿನ ಹಲ್ಲುಚಕ್ರ ಬಿಟ್ಟು ಕದಲುವುದೇ ಇಲ್ಲ. ವಿಜಯಪುರದಲ್ಲಿ ಏರು ಕಡಿಮೆ, ಆದರೆ ಗಾಳಿ ಇದೆಯಲ್ಲ! ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಎದೆಗೆ ಬಡಿಯುತ್ತದೆ. ತೊರವಿ ಊರಿನ ಪಶ್ಚಿಮಕ್ಕೆ ಇರುವುದರಿಂದ ಬೆಳಿಗ್ಗೆ ಪೂರ್ತಿ ಎದುರುಗಾಳಿ. ಆಗ ಗೇರ್ ಬೇಕೇ ಬೇಕು. ಮನೆಯಲ್ಲಿದ್ದ ಹಳೇ ಕರಿ ಸೈಕಲ್ಲಿನಲ್ಲಿ ಅದೇ ದಾರಿ ಹೋದರೆ ಮೊಣಕಾಲು ಸಂಜೆಗೆ ಲೆಕ್ಕ ಕೇಳುತ್ತಿತ್ತು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು ಇದ್ದರೆ ನಮಗೆ ಸಾಕು.

ಈಗ ಟೈರು. ಇಲ್ಲಿ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಸೈಕಲ್ ಬಿಟ್ಟವರಲ್ಲಿ ಬಹಳ ಜನ ಪಂಕ್ಚರ್‌ಗೆ ಬೇಸತ್ತೇ ಬಿಟ್ಟಿದ್ದು. ಜಾಲಿ ಮುಳ್ಳು ಎಲ್ಲರಿಗೂ ಗೊತ್ತು. ಅದಕ್ಕಿಂತ ಕೆಟ್ಟದ್ದು ನೆಗ್ಗಿಲ ಮುಳ್ಳು. ನೆಲಕ್ಕೆ ಹಬ್ಬುವ ಸಣ್ಣ ಬಳ್ಳಿ, ಹಳದಿ ಹೂವು, ನೋಡಲು ಪಾಪದ್ದು. ಕಾಯಿ ಒಣಗಿ ಒಡೆದು ರಸ್ತೆ ಅಂಚಿಗೆ ಬಿದ್ದರೆ ಯಾವ ಕಡೆ ಉರುಳಿದರೂ ಒಂದು ಮುಳ್ಳು ಮೇಲೆ ನೋಡುತ್ತಲೇ ಇರುತ್ತದೆ. ಡಾಂಬರು ಬಿಟ್ಟು ಬದಿಯ ಮಣ್ಣಿಗೆ ಇಳಿದಾಗಲೇ ಇದು ಹೊಕ್ಕುವುದು. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ನಾವು ಇಳಿಯುವುದೂ ಅಲ್ಲಿಗೇ, ಅಲ್ವಾ?

ಕಂಪನಿ ಕೊಟ್ಟ ಟೈರು ಮೊದಲ ಬೇಸಿಗೆಯಲ್ಲೇ ಜರಡಿ ಆಯಿತು. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವ ಹಾಕಿಸಿದೆ. ಸಣ್ಣ ಮುಳ್ಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಒಳಗೇ ಒಣಗಿ ಗಟ್ಟಿಯಾಗುತ್ತದೆ. ಮತ್ತೆ ಹಾಕಿಸಬೇಕು. ಒಮ್ಮೆ ಅದು ತುಂಬಿದ ಟ್ಯೂಬಿಗೆ ದೊಡ್ಡ ತೂತು ಬಿದ್ದರೆ ಪ್ಯಾಚ್ ಕೂರುವುದೂ ಕಷ್ಟ, ಎಲ್ಲಾ ಅಂಟು ಅಂಟು. ಕೊನೆಗೆ ಗುಣ ಕೊಟ್ಟಿದ್ದು ಒಳಪದರ ಇರುವ ದಪ್ಪ ಟೈರು. ತೂಕ ಜಾಸ್ತಿ, ಸ್ವಲ್ಪ ಮಂದ. ಆದರೆ ಪಂಕ್ಚರ್ ಅಂಗಡಿಯವರು ನನ್ನ ಹೆಸರು ಮರೆಯುವಷ್ಟು ಅಪರೂಪವಾಗಿದೆ.

ಟೈರು ಕೊಳ್ಳುವಾಗ ಒಂದು ಮಾತು. ಹಳೇ ಕರಿ ಸೈಕಲ್ಲಿನ ಟೈರಿನ ಮೇಲೆ 28 ಇಂಚು ಅಂತ ಇರುತ್ತದೆ. ಹೈಬ್ರಿಡ್ ಟೈರಿನ ಮೇಲೂ ಕೆಲವೊಮ್ಮೆ 28 ಅಂತಲೇ ಇರುತ್ತದೆ. ಎರಡೂ ಬೇರೆ. ನಾನು ಹೋಗುವ ರಿಪೇರಿ ಅಂಗಡಿಯ ಚಾಚಾ ಹೇಳಿದ್ದು ಹೀಗೆ: "ಸರ, ಇಂಚ್ ನೋಡಬ್ಯಾಡ್ರಿ. ಬಾಜೂಕ ಸಣ್ಣಂಗ ಬರದಿರ್ತಾರಲ್ಲ, ಆ ನಂಬರ್ ನೋಡ್ರಿ." ಅವರು ಹೇಳಿದ್ದು ಪೂರ್ತಿ ಸರಿ. ಹಳೆಯದರಲ್ಲಿ ಆ ನಂಬರ್ 635 ಅಂತ ಮುಗಿಯುತ್ತದೆ, ಹೈಬ್ರಿಡ್‌ನದು 622. ರಿಮ್ಮಿಗೆ ಟೈರು ಕೂರುವ ಜಾಗದ ಅಳತೆ ಅದು, ಮಿಲಿಮೀಟರಿನಲ್ಲಿ. 13 ಮಿ.ಮೀ. ವ್ಯತ್ಯಾಸ ಇದ್ದರೆ ಎಷ್ಟು ಜಗ್ಗಿದರೂ ಕೂರುವುದಿಲ್ಲ.

ಪಂಕ್ಚರ್ ತೆಗೆದ ಮೇಲೆ ಟೈರಿನ ಒಳಗೆ ಒಂದು ಹತ್ತಿಯ ಉಂಡೆ ಸವರಿಸಿ. ಮುಳ್ಳಿನ ತುದಿ ಒಳಗೇ ಮುರಿದಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ಬಿಟ್ಟರೆ ಮನೆ ಮುಟ್ಟುವ ಮೊದಲೇ ಮತ್ತೆ ಹವಾ ಹೋಗುತ್ತದೆ. ವಾಲ್ವ್ ಬೈಕಿನಲ್ಲಿರುವಂಥದ್ದೇ ಆಗಿದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಹವಾ ಹಾಕಿಸಬಹುದು. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇರುವ ಗಾಡಿ ತಗೊಂಡರೆ ಜೇಬಿನಲ್ಲಿ ಅಡಾಪ್ಟರ್ ಇರಲಿ.

ಮಳೆ ಬಂದರೆ ಎರೆ ಮಣ್ಣಿನ ಕಥೆ ಬೇರೆ. ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇಲ್ಲದಿದ್ದರೆ ಮಣ್ಣು ತುಂಬಿಕೊಂಡು ಚಕ್ರ ನಿಂತೇಬಿಡುತ್ತದೆ. ಕಡ್ಡಿ ಹಾಕಿ ಕೆದರಬೇಕು. ಈ ವಿಷಯದಲ್ಲಿ ಹಳೇ ಕರಿ ಸೈಕಲ್ಲೇ ಗೆದ್ದಿತು. ಆದರೆ ಅದರ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದಿಲ್ಲ, ಅಲಾಯ್ ರಿಮ್ಮು ಪರವಾಗಿಲ್ಲ. ಹಾಗಂತ ಅಲಾಯ್‌ನಲ್ಲೂ ಮಳೆಯಲ್ಲಿ ಒಣ ದಿನದಷ್ಟು ಬೇಗ ನಿಲ್ಲುತ್ತೇನೆ ಅಂದುಕೊಳ್ಳಬೇಡಿ. ಬ್ರೇಕ್ ಬ್ಲಾಕಿನಲ್ಲಿ ಮರಳು ಸಿಕ್ಕಿ ರಿಮ್ಮನ್ನೇ ಕೆರೆಯುತ್ತದೆ. ಆಗಾಗ ಒರೆಸಿ.

ಲೈಟು. ನನ್ನ ಮಟ್ಟಿಗೆ ಇದೇ ಇಡೀ ಗಾಡಿಯ ಮುಖ್ಯ ಸಾಮಾನು, ಅದರಲ್ಲೂ ಹಿಂದಿನದು. ನಮ್ಮಲ್ಲಿ ಎಲ್ಲರೂ ಮುಂದಿನ ಲೈಟಿಗೆ ಸಾವಿರಗಟ್ಟಲೆ ಹಾಕುತ್ತಾರೆ, ಹಿಂದೆ ಒಂದು ಕೆಂಪು ಪ್ಲಾಸ್ಟಿಕ್ ಚೂರು. ಊರೊಳಗೆ ಬೀದಿದೀಪ ಇದೆ, ಗುಂಡಿ ಕಾಣುತ್ತದೆ. ಅಥಣಿ ರಸ್ತೆಯ ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ನಾನು ಕಾಣದಿದ್ದರೆ ನನಗೆ ಎಷ್ಟು ಗುಂಡಿ ಕಂಡು ಏನು ಪ್ರಯೋಜನ? ಯುಎಸ್‌ಬಿ ಚಾರ್ಜಿನ ಕೆಂಪು ಎಲ್‌ಇಡಿ ಲೈಟು ಸೀಟಿನ ಕೆಳಗೆ ಹಾಕಿದ್ದೇನೆ. ಮೊದಲು ತಂದದ್ದು ಒಂದು ಮಳೆಗಾಲಕ್ಕೇ ಸತ್ತಿತು, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲ ಇತ್ತು. ಕೊಳ್ಳುವಾಗ ಆ ಮುಚ್ಚಳ ಎಳೆದು ನೋಡಿ. ಅಂದ ಹಾಗೆ ಕ್ಯಾರಿಯರ್ ಮೇಲೆ ಬ್ಯಾಗ್ ಕಟ್ಟಿದರೆ ಸೀಟಿನ ಕೆಳಗಿನ ಲೈಟು ಮರೆಯಾಗುತ್ತದೆ. ಹಾಗಿದ್ದರೆ ಕ್ಯಾರಿಯರ್ ಹಿಂಬದಿಗೇ ಹಾಕಿಸಿ.

ಪೆಡಲ್ಲಿನ ಹಳದಿ ರಿಫ್ಲೆಕ್ಟರ್ ಕಿತ್ತು ಎಸೆಯುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ಬೆಳಕು ಮೇಲೆ ಕೆಳಗೆ ಆಡುವುದು ಕಂಡ ಕೂಡಲೇ ಡ್ರೈವರ್‌ಗೆ ಇದು ಸೈಕಲ್ ಅಂತ ಗೊತ್ತಾಗುತ್ತದೆ. ಬೇರೆ ಯಾವ ಗಾಡಿಯಲ್ಲೂ ಬೆಳಕು ಹಾಗೆ ಆಡುವುದಿಲ್ಲ. ಸೈಕಲ್ ರಿಫ್ಲೆಕ್ಟರ್‌ಗಳ ಗುಣಮಟ್ಟಕ್ಕೆ ಕೇಂದ್ರ ಸರ್ಕಾರ 2020ರಲ್ಲೇ ಆದೇಶ ತಂದಿದೆ. ಅದು ಬರೀ ಅಲಂಕಾರ ಅಲ್ಲ. ಮುಂದಿನ ಲೈಟನ್ನು ಮಾತ್ರ ದಯವಿಟ್ಟು ನೆಲಕ್ಕೆ ಬಾಗಿಸಿ ಹಾಕಿ. ಎದುರಿನವನ ಕಣ್ಣಿಗೆ ಕುಕ್ಕುವ ಮಿಣುಕು ಲೈಟು ಹಾಕಿಕೊಂಡು, ಆಮೇಲೆ "ಅವ ಹೈ ಬೀಮ್ ಹಾಕಿದ್ದ" ಅಂತ ಬೈದರೆ ಹೇಗೆ?

ಬಲಗಡೆ ಹ್ಯಾಂಡಲ್ ತುದಿಗೆ ಒಂದು ಸಣ್ಣ ಕನ್ನಡಿ. ಬೆಲೆ ಮುನ್ನೂರರ ಒಳಗೆ. ಹಾಕಿದ ಹೊಸದರಲ್ಲಿ ಗೆಳೆಯರು ನಕ್ಕರು. ಆದರೆ ಈಗ ಬ್ಯಾಟರಿ ಆಟೋ, ಬ್ಯಾಟರಿ ಸ್ಕೂಟರು ಜಾಸ್ತಿಯಾಗಿವೆ, ಸದ್ದೇ ಇಲ್ಲ. ಕಿವಿ ನಂಬಿ ಬಲಕ್ಕೆ ಸರಿಯುವ ಕಾಲ ಹೋಯಿತು. ಗುಂಡಿ ತಪ್ಪಿಸಲು ಬಲಕ್ಕೆ ತಿರುಗುವ ಮೊದಲು ಕನ್ನಡಿ ನೋಡುತ್ತೇನೆ, ಆಮೇಲೆ ಕೈ ತೋರಿಸುತ್ತೇನೆ, ಆಮೇಲೆ ಸರಿಯುತ್ತೇನೆ. ಕಾಲಿಗೆ ನೆಗ್ಗಿಲ ಮುಳ್ಳು ಚುಚ್ಚಿದವರ ಹಾಗೆ ಒಮ್ಮೆಲೇ ಬಲಕ್ಕೆ ಹಾರಿದರೆ ಹಿಂದಿನವನು ಏನು ಮಾಡಬೇಕು?

ಹೆಲ್ಮೆಟ್ ಬಗ್ಗೆ ಎರಡೂ ಕಡೆ ಅತಿ ಮಾತು ಕೇಳಿದ್ದೇನೆ. ಸೈಕಲ್ಲಿಗೆ ಕಾನೂನಿನಲ್ಲಿ ಕಡ್ಡಾಯ ಇಲ್ಲ. ನಾನು ಹಾಕುತ್ತೇನೆ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ ಪರೀಕ್ಷೆ ಮಾಡುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಹೊಡೆತಕ್ಕೆ. ಸೈಕಲ್ ಜಾರಿ ತಲೆ ನೆಲಕ್ಕೆ ಬಡಿದರೆ ಆಗುವಂಥದ್ದು. ಮರಳು ಬಿದ್ದ ತಿರುವಿನಲ್ಲಿ ಅದು ಕಾಪಾಡುತ್ತದೆ, ಲಾರಿ ಗುದ್ದಿದರೆ ಅದರಿಂದ ಪವಾಡ ನಿರೀಕ್ಷಿಸಬಾರದು. ಹುಬ್ಬಿನ ಮೇಲೆ ಎರಡು ಬೆರಳಿನ ಜಾಗ ಬಿಟ್ಟು ಕೂರಬೇಕು. ತಲೆಯ ಹಿಂಭಾಗಕ್ಕೆ ಟೋಪಿ ಹಾಗೆ ಸರಿಸಿದರೆ ಹಾಕಿದ್ದೂ ಹಾಕದ್ದೂ ಒಂದೇ. ಒಮ್ಮೆ ಜೋರಾಗಿ ಬಿದ್ದರೆ ಒಳಗಿನ ಥರ್ಮಾಕೋಲ್ ಹೊರಗೆ ಕಾಣದಂತೆ ಒಡೆದಿರುತ್ತದೆ, ಹೊಸದು ತಗೊಳ್ಳಿ. ಬಿಳಿ ಬಣ್ಣ ಒಳ್ಳೆಯದು, ನಮ್ಮ ಬಿಸಿಲಿಗೂ, ಕತ್ತಲಿಗೂ.

ಗಂಟೆ ಬೇಕು. ಆದರೆ ಟಾಂಗಾದ ಹಿಂದೆ ಹೋಗಿ ಟಿಣ್ ಟಿಣ್ ಅನ್ನಬೇಡಿ. ಗೋಳಗುಮ್ಮಟದ ಸುತ್ತಮುತ್ತ ಇನ್ನೂ ಟಾಂಗಾ ಓಡುತ್ತವೆ. ಕುದುರೆ ಬೆದರಿದರೆ ಎಲ್ಲರಿಗೂ ಕಷ್ಟ. "ಬಲಕ್ಕ ಬರ್ತೀನ್ರಿ" ಅಂತ ಟಾಂಗಾದವರಿಗೆ ಕೇಳುವ ಹಾಗೆ ಹೇಳಿ, ಅಗಲವಾಗಿ ಸುತ್ತಿ ಹೋಗಿ. ಆಟೋ ಮಾತ್ರ ಎಡದಿಂದ ದಾಟಬೇಡಿ. ಕೈ ಎತ್ತಿದ ಗಿರಾಕಿ ಕಂಡರೆ ಅದು ಎಡಕ್ಕೇ ನುಗ್ಗುವುದು. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇರಿ. ಬ್ರಿಟನ್ನಿನ ರಸ್ತೆ ನಿಯಮ ಪುಸ್ತಕದಲ್ಲಿ 2022ರಲ್ಲಿ ಒಂದು ಸಲಹೆ ಸೇರಿಸಿದ್ದಾರೆ: ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆಗೆಯಬೇಡಿ, ಇನ್ನೊಂದು ಕೈಯಿಂದ ತೆಗೆಯಿರಿ. ಮೈ ತಾನಾಗಿ ತಿರುಗಿ ಹಿಂದೆ ಬರುವವರು ಕಾಣುತ್ತಾರೆ. ಗಾಡಿಯವರು ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಿ ಅಂತಲೂ ಅದರಲ್ಲಿದೆ. ಗಾಂಧಿ ಚೌಕದಲ್ಲಿ ಒಂದೂವರೆ ಮೀಟರ್ ಅಂದರೆ ನಗುತ್ತಾರೆ, ಆದರೆ ಬಾಗಿಲಿನದಕ್ಕೆ ಖರ್ಚಿಲ್ಲ, ಮನೆಯವರಿಗೆ ಕಲಿಸಬಹುದು.

ನಮ್ಮ ಜಿಲ್ಲೆ, ಪಕ್ಕದ ಬಾಗಲಕೋಟೆ ಜಿಲ್ಲೆ ಸೈಕಲ್ ಪಟುಗಳಿಗೆ ಹೆಸರಾದವು. ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲಾಗಿ ಹೋಗುವ ಹುಡುಗ ಹುಡುಗಿಯರನ್ನು ನೋಡಿ. ಗುಂಡಿ ಬಂದರೆ ಮುಂದಿನವರು ಕೈ ಕೆಳಗೆ ಮಾಡಿ ತೋರಿಸುತ್ತಾರೆ. ಅದನ್ನು ನಾವೂ ಕಲಿಯಬೇಕು. ಒಬ್ಬರ ಚಕ್ರಕ್ಕೆ ಇನ್ನೊಬ್ಬರು ಅಂಟಿಕೊಂಡು ಹೋಗುವುದನ್ನು ಮಾತ್ರ ಅವರಿಗೇ ಬಿಡಿ, ಅದಕ್ಕೆ ತರಬೇತಿ ಬೇಕು. ರಾಂಗ್ ಸೈಡಿನಲ್ಲಿ ಬರುವ ಸೈಕಲ್ಲಿನವರಿಗೆ ನನ್ನ ಹತ್ತಿರ ಯಾವ ಕನಿಕರವೂ ಇಲ್ಲ. "ಸ್ವಲ್ಪ ದೂರ ಅಷ್ಟ ಐತ್ರಿ" ಅನ್ನುತ್ತಾರೆ. ಎದುರಿನಿಂದ ಎಡಬದಿ ಹಿಡಿದು ಬರುವ ಇನ್ನೊಬ್ಬ ಸೈಕಲ್ಲಿನವನು ಆಗ ಲಾರಿ ಕಡೆಗೇ ಸರಿಯಬೇಕಲ್ಲ?

ನವೆಂಬರ್ ಬಂದರೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹೊರಗೆ ಚಾಚಿದ ಕಬ್ಬು, ಬಹಳ ಸಲ ಹಿಂದೆ ಒಂದು ಕೆಂಪು ಲೈಟೂ ಇಲ್ಲ. ಮೊದಲನೇ ಟ್ರೇಲರ್ ದಾಟಿತು ಅಂತ ಬಲಕ್ಕೆ ಬಂದರೆ ಎರಡನೆಯದು ಅಲ್ಲೇ ಇರುತ್ತದೆ. ಅದು ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ, ಎಡಗಡೆ ಇರುವವರಿಗೆ ಜಾಗವೇ ಉಳಿಯುವುದಿಲ್ಲ. ಟ್ರ್ಯಾಕ್ಟರ್ ಬಂದರೆ ನಾನು ಇಳಿದು ನಿಲ್ಲುತ್ತೇನೆ, ಮುಳ್ಳಿದ್ದರೂ ಸರಿ. ಶಾಲೆ ಹುಡುಗರು ಓಡುವ ಟ್ರೇಲರಿನಿಂದ ಕಬ್ಬು ಜಗ್ಗುವುದು, ಸರಪಳಿ ಹಿಡಿದು ಪೆಡಲ್ ತುಳಿಯದೆ ಸಾಗುವುದು ಇನ್ನೂ ನಿಂತಿಲ್ಲ. ಕಂಡರೆ ನಾನು ಜೋರಾಗಿಯೇ ಗದರುತ್ತೇನೆ. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಅಥಣಿ ರಸ್ತೆಗೆ ಸೈಕಲ್ ತರುವುದಿಲ್ಲ, ಬಸ್ಸು ಹತ್ತುತ್ತೇನೆ. ಯಾವ ಲೈಟೂ ಈ ಒಂದು ವಿಷಯಕ್ಕೆ ಉತ್ತರ ಅಲ್ಲ.

ಖರ್ಚು ಕೇಳುವವರಿಗೆ: ಟೈರು ಬಿಟ್ಟರೆ ಮುಖ್ಯ ಖರ್ಚು ಚೈನು. ಇಲ್ಲಿಯ ಧೂಳಿಗೆ ಎಣ್ಣೆ ಜಾಸ್ತಿ ಹಾಕಿದಷ್ಟೂ ಬೇಗ ಸವೆಯುತ್ತದೆ, ಏಕೆಂದರೆ ಧೂಳು ಎಣ್ಣೆಗೆ ಸೇರಿ ಉಜ್ಜುತ್ತದೆ. ಹನಿ ಹಾಕಿ, ಹೊರಗಿನದನ್ನು ಬಟ್ಟೆಯಿಂದ ಒರೆಸಿ. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು ಇರುತ್ತದೆ. ಉಕ್ಕಿನ ಸ್ಕೇಲ್ ಇಟ್ಟು ನೋಡಿ. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗದಷ್ಟು ಉದ್ದವಾಗಿದ್ದರೆ ಬದಲಿಸಿ. ಇನ್ನೂ ಎಳೆದರೆ ಹಿಂದಿನ ಹಲ್ಲುಚಕ್ರವನ್ನೂ ತಿಂದುಹಾಕುತ್ತದೆ, ಆಗ ಖರ್ಚು ಎರಡು ಮೂರು ಪಟ್ಟು.

ಹೊಸದು ಕೊಳ್ಳುವವರು ಅಂಗಡಿಯಲ್ಲಿ ಗೇರು ಎಣಿಸುವ ಮೊದಲು ಹಿಂದಿನ ಚಕ್ರದ ಹತ್ತಿರ ಕೂತು ನೋಡಿ. ಕ್ಯಾರಿಯರ್‌ಗೆ, ಮಡ್‌ಗಾರ್ಡ್‌ಗೆ ಫ್ರೇಮಿನಲ್ಲಿ ಬೋಲ್ಟ್ ತೂತು ಇದೆಯಾ? ಟೈರಿನ ಮೇಲೆ ಬೆರಳಿನಷ್ಟು ಜಾಗ ಇದೆಯಾ? ಇಲ್ಲದಿದ್ದರೆ ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಆ ಗಾಡಿ ಬಿಡಿ, ಪಕ್ಕದ್ದು ತೋರಿಸಲು ಹೇಳಿ.